ಮ್ಯಾನ್‌ಹಟನ್ನಿನಲ್ಲಿ ಲೇಸ್ ಹೆಣೆದವರು

ಈ ವರ್ಷ ಕನ್ನಡ ಶಾಲೆ ಮುಗಿಸುವವರೆಲ್ಲ ಸ್ಮರಣ ಸಂಚಿಕೆಗೆ ಒಂದೊಂದು ಇತಿಹಾಸದ ಪ್ರಬಂಧ ಬರೆಯಬೇಕು, ವಿಷಯ ನಾವಿರುವ ಊರಿನದೇ ಆಗಿರಬೇಕು ಎಂದು ನಮ್ಮ ಟೀಚರ್ ಹೇಳಿದರು. ಗೆಳೆಯರೆಲ್ಲ ಬ್ರೂಕ್ಲಿನ್ ಸೇತುವೆ, ಎಲ್ಲಿಸ್ ದ್ವೀಪ, ಸಬ್‌ವೇ ಎಂದು ಬೇಗ ಬೇಗ ಹಂಚಿಕೊಂಡುಬಿಟ್ಟರು. ನಾನು "ಲೇಸ್" ಎಂದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಹಿಂದಿನ ಬೆಂಚಿನಿಂದ ಒಬ್ಬ "ಶೂ ಲೇಸಾ?" ಎಂದ.

ಅವನ ಪ್ರಶ್ನೆ ಅಷ್ಟೇನೂ ತಪ್ಪಲ್ಲ ಎಂದು ಆಮೇಲೆ ಗೊತ್ತಾಯಿತು. ಶೂ ಕಟ್ಟುವ ಲೇಸ್, ಬಟ್ಟೆಯ ಅಂಚಿಗೆ ಹಾಕುವ ಲೇಸ್ ಎರಡೂ ಒಂದೇ ಪದ. ಅದರ ಮೂಲ ಲ್ಯಾಟಿನ್ ಭಾಷೆಯ ಕುಣಿಕೆ ಎಂಬ ಅರ್ಥದ ಶಬ್ದ. ಕನ್ನಡದ "ಲೇಸು" ಅಂದರೆ ಒಳ್ಳೆಯದು. ಅದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ನಮ್ಮ ಅಜ್ಜಿ ಮಾತ್ರ ಇದನ್ನು ಒಪ್ಪುವುದಿಲ್ಲ. "ಚಲೋ ಇರೋದಕ್ಕ ಲೇಸು ಅಂತ ಹೆಸರಿಟ್ಟಾರ, ಮತ್ತೇನು" ಎನ್ನುತ್ತಾರೆ.

ಲೇಸ್ ನಮ್ಮ ಮನೆಗೆ ಹೊಸದಲ್ಲ. ಅಜ್ಜಿ ಧಾರವಾಡದವರು. ಅಲ್ಲಿನ ಮನೆಯಲ್ಲಿ ರೇಡಿಯೋಗೆ, ಟಿವಿಗೆ, ದಿಂಬಿಗೆ, ನೀರಿನ ತಂಬಿಗೆಗೆ ಎಲ್ಲಕ್ಕೂ ಅವರು ಕ್ರೋಶಾ ಕಡ್ಡಿಯಿಂದ ಹೆಣೆದ ಬಿಳಿ ಹೊದಿಕೆ ಇತ್ತಂತೆ. ಇಲ್ಲಿ ನ್ಯೂಜೆರ್ಸಿಗೆ ಬಂದ ಮೇಲೆ ಮೈಕ್ರೋವೇವ್‌ಗೂ ಒಂದು ಹಾಕಿದ್ದಾರೆ. ಬೆಂಕಿ ಹತ್ತೀತು ಎಂದು ಅಮ್ಮ ತೆಗೆದಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಅಲ್ಲೇ ಇರುತ್ತದೆ. ನನ್ನ ಅಮೆರಿಕನ್ ಗೆಳತಿಯರು ಮನೆಗೆ ಬರುವ ದಿನ ನಾನೂ ಅದನ್ನು ಮಡಚಿ ಡ್ರಾಯರ್‌ನಲ್ಲಿ ಬಚ್ಚಿಡುತ್ತಿದ್ದೆ.

ಆದರೆ ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಮನೆಯಲ್ಲಲ್ಲ, ಒಂದು ಗ್ರಂಥಾಲಯದಲ್ಲಿ. ಹೋದ ವರ್ಷ ಒಂದು ಶನಿವಾರ ಅಲ್ಲಿ ಲೇಸ್ ಸಂಘದ ಕೆಲವರು ಮೇಜು ಹಾಕಿಕೊಂಡು ಕುಳಿತಿದ್ದರು. ಒಬ್ಬೊಬ್ಬರ ಮುಂದೆಯೂ ಗಟ್ಟಿಯಾದ ಒಂದು ದಿಂಬು. ಅದರ ಮೇಲೆ ತೂತು ಚುಚ್ಚಿದ ಕಾಗದ, ಕಾಗದದ ತುಂಬ ಗುಂಡುಪಿನ್ನು, ಸುತ್ತ ಜೋಲಾಡುವ ಹತ್ತಾರು ಮರದ ಕಡ್ಡಿಗಳು. ಈ ಕಡ್ಡಿಗಳಿಗೆ ಬಾಬಿನ್ ಎಂದು ಹೆಸರು. ಪ್ರತಿ ಬಾಬಿನ್‌ಗೂ ನೂಲು ಸುತ್ತಿರುತ್ತದೆ. ಕೈಗಳು ಅವನ್ನು ಅತ್ತಿಂದಿತ್ತ ಎಸೆಯುವಾಗ ಟಕ ಟಕ ಎಂದು ಚೌಕಾಬಾರದ ಕವಡೆ ಉರುಳಿಸಿದ ಹಾಗೆ ಸದ್ದು ಬರುತ್ತಿತ್ತು.

ನ್ಯೂಯಾರ್ಕ್-ನ್ಯೂಜೆರ್ಸಿಯಲ್ಲಿ ಇಂಥ ಸಂಘಗಳು ಈಗಲೂ ಇವೆ. ಬ್ರೂಕ್ಲಿನ್ ಲೇಸ್ ಗಿಲ್ಡ್ ಒಂದು. ಉತ್ತರ ಜೆರ್ಸಿಯ ಇನ್ನೊಂದು ಸಂಘ ತನ್ನನ್ನು "ಲಾಸ್ಟ್ ಆರ್ಟ್ ಲೇಸರ್ಸ್" ಎಂದು ಕರೆದುಕೊಂಡಿದೆ, ಕಳೆದುಹೋದ ಕಲೆಯ ಲೇಸ್‌ಗಾರರು ಎಂದು. ಇಂಥ ಊರೂರಿನ ಗುಂಪುಗಳನ್ನು ಜೋಡಿಸುವ ದೊಡ್ಡ ಸಂಸ್ಥೆ ಅಮೆರಿಕದಲ್ಲಿ 1953ರಿಂದ ಇದೆ. ಸಂಘದಲ್ಲಿ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ದಿಂಬು ಹೊತ್ತುಕೊಂಡು ಬರುತ್ತೇವೆ, ಒಟ್ಟಿಗೆ ಕುಳಿತು ಹೆಣೆಯುತ್ತೇವೆ, ಹೊಸಬರಿಗೆ ಕಲಿಸುತ್ತೇವೆ, ಒಬ್ಬರ ನಕ್ಷೆ ಇನ್ನೊಬ್ಬರಿಗೆ ಕೊಡುತ್ತೇವೆ, ಯಾರಾದರೂ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಲೇಸ್ ತಂದರೆ ಅದು ಯಾವ ದೇಶದ್ದು, ಕೈಯದೋ ಯಂತ್ರದ್ದೋ ಎಂದು ಭೂತಗನ್ನಡಿ ಹಿಡಿದು ಜಗಳವಾಡುತ್ತೇವೆ ಎಂದರು. ಮಾರುವುದಕ್ಕೆಂದು ಅಲ್ಲಿ ಯಾರೂ ಹೆಣೆಯುತ್ತಿರಲಿಲ್ಲ.

ಬಿಳಿ ಕೂದಲಿನ ಒಬ್ಬರು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಬಾಬಿನ್ ಲೇಸ್‌ನಲ್ಲಿ ಇರುವುದು ಎರಡೇ ಚಲನೆ. ಪಕ್ಕದ ಎರಡು ಎಳೆಗಳಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸುವುದು, ಇಲ್ಲವೇ ಬಲದ್ದನ್ನು ಎಡದ್ದರ ಮೇಲೆ ತಿರುಚುವುದು. ಎಷ್ಟೇ ಕಷ್ಟದ ಹೂವಾಗಲಿ, ನವಿಲಾಗಲಿ, ಈ ಎರಡನ್ನೇ ಬೇರೆ ಬೇರೆ ಕ್ರಮದಲ್ಲಿ ಮಾಡಿದ್ದು. ನಾನು ಒಂದು ಗಂಟೆ ಕುಳಿತೆ. ಹೆಬ್ಬೆರಳ ಉಗುರಿನಷ್ಟು ಲೇಸ್ ಆಯಿತು. ಅದರಲ್ಲೂ ಒಂದು ತಪ್ಪು.

ಇಷ್ಟು ನಿಧಾನದ ಕೆಲಸವನ್ನು ಜನ ಹೊಟ್ಟೆಪಾಡಿಗೆ ಹೇಗೆ ಮಾಡುತ್ತಿದ್ದರು ಎಂಬ ಪ್ರಶ್ನೆ ಹಿಡಿದುಕೊಂಡು ನಾನು ಓದಲು ಶುರುಮಾಡಿದೆ.

ಅಮೆರಿಕದ ಲೇಸ್‌ಗೆ ನನಗೆ ಸಿಕ್ಕ ಹಳೆಯ ಲೆಕ್ಕ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಕಾಗದಗಳಲ್ಲಿದೆ. ಹೌದು, ಹಾಡಿನ ನಾಟಕದ ಹ್ಯಾಮಿಲ್ಟನ್ನೇ, ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಸಮಾಧಿ ಇರುವವನು. ಹಣಕಾಸಿನ ಕಾರ್ಯದರ್ಶಿಯಾಗಿದ್ದಾಗ ದೇಶದಲ್ಲಿ ಎಲ್ಲಿ ಏನೇನು ತಯಾರಾಗುತ್ತದೆ ಎಂದು ಅವನು ಊರೂರಿನಿಂದ ವಿವರ ತರಿಸಿದ. ಮಸಾಚುಸೆಟ್ಸಿನ ಇಪ್ಸ್‌ವಿಚ್ ಎಂಬ ಸಣ್ಣ ಊರಿನಿಂದ ಉತ್ತರ ಬಂತು. ಅಲ್ಲಿ ಸುಮಾರು 600 ಹೆಂಗಸರು, ಹುಡುಗಿಯರು ಒಂದು ವರ್ಷದಲ್ಲಿ 41,979 ಗಜ ಲೇಸ್ ಹೆಣೆದಿದ್ದರು. ಕಾಗದದ ಜೊತೆ ಕಳಿಸಿದ ಲೇಸ್ ತುಂಡುಗಳು ಇವತ್ತಿಗೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಗಜದ ಲೆಕ್ಕ ಅಷ್ಟು ಕರಾರುವಾಕ್ಕಾಗಿದೆ, ಒಂದು ಗಜವೂ ಆಚೀಚೆ ಇಲ್ಲ. ಹೆಂಗಸರ ಲೆಕ್ಕ ಮಾತ್ರ "ಸುಮಾರು".

ಆಮೇಲೆ ಯಂತ್ರ ಬಂತು. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರ ಹೊತ್ತಿಗೆ ಬಲೆಯಂಥ ಬಟ್ಟೆ ನೇಯುವ ಯಂತ್ರ ಮಾಡಿದ. 1863ರಲ್ಲಿ ಸ್ವಿಟ್ಜರ್‌ಲೆಂಡಿನ ಇಸಾಕ್ ಗ್ರೋಬ್ಲಿ ಕಸೂತಿಯ ಯಂತ್ರ ಕಂಡುಹಿಡಿದ. ಅದರ ಹೆಸರು ಷಿಫ್ಲಿ, ಸ್ವಿಸ್ ಜರ್ಮನ್‌ನಲ್ಲಿ ಪುಟ್ಟ ದೋಣಿ ಎಂದರ್ಥ. ಅದರೊಳಗೆ ಓಡಾಡುವ ಲಾಳಿ ದೋಣಿಯ ಆಕಾರದ್ದು, ಅದಕ್ಕೇ ಆ ಹೆಸರು. ಒಂದು ಬಟ್ಟೆಯ ಮೇಲೆ ಹತ್ತಿರ ಹತ್ತಿರ ಕಸೂತಿ ಹಾಕಿ, ಆಮೇಲೆ ಆ ಬಟ್ಟೆಯನ್ನೇ ರಾಸಾಯನಿಕದಲ್ಲಿ ಕರಗಿಸಿಬಿಟ್ಟರೆ ನೂಲು ಮಾತ್ರ ಉಳಿದು ಲೇಸ್ ಆಗುತ್ತದೆ. ಈ ಉಪಾಯ ಓದಿದಾಗ ಯಾರೋ ಪರೀಕ್ಷೆಯಲ್ಲಿ ಜಾಣತನದಿಂದ ಕಾಪಿ ಹೊಡೆದಂತೆ ಅನ್ನಿಸಿತು. ಈ ಯಂತ್ರಗಳು ಸ್ವಿಸ್ ಮತ್ತು ಜರ್ಮನ್ ವಲಸಿಗರ ಜೊತೆ ಹಡ್ಸನ್ ನದಿಯ ನಮ್ಮ ದಡಕ್ಕೂ ಬಂದವು. ಶನಿವಾರ ಬೆಳಿಗ್ಗೆ ಕನ್ನಡ ಶಾಲೆಗೆ ಬರುವಾಗ ನಮ್ಮ ಬಸ್ಸು ಲಿಂಕನ್ ಸುರಂಗದೊಳಗೆ ನುಗ್ಗುವ ಮುಂಚೆ ಯೂನಿಯನ್ ಸಿಟಿಯನ್ನು ದಾಟುತ್ತದೆ. ಆ ಊರು ಒಂದು ಕಾಲದಲ್ಲಿ ತನ್ನನ್ನು ಜಗತ್ತಿನ ಕಸೂತಿ ರಾಜಧಾನಿ ಎಂದು ಕರೆದುಕೊಳ್ಳುತ್ತಿತ್ತು. ಎಂಟು ವರ್ಷ ಆ ದಾರಿಯಲ್ಲಿ ಬಂದಿದ್ದೇನೆ. ಹೆಚ್ಚಿನ ದಿನ ಬಸ್ಸಿನಲ್ಲೇ ಹೋಂವರ್ಕ್ ಮುಗಿಸುತ್ತಿದ್ದೆ, ಕಿಟಕಿ ನೋಡಿದ್ದೇ ಕಡಿಮೆ.

ಯಂತ್ರದ ಲೇಸ್ ಅಗ್ಗವಾದ ಮೇಲೆ ಕೈಯಿಂದ ಹೆಣೆಯುವ ಕೆಲಸ ಎರಡು ಕಡೆ ಉಳಿಯಿತು. ದುಡ್ಡಿನ ಚಿಂತೆ ಇಲ್ಲದವರ ಹವ್ಯಾಸವಾಗಿ ಒಂದು ಕಡೆ, ಕೂಲಿ ಎಷ್ಟು ಕಡಿಮೆ ಕೊಟ್ಟರೂ ಬೇಡವೆನ್ನಲಾರದವರ ಮನೆಗೆಲಸವಾಗಿ ಇನ್ನೊಂದು ಕಡೆ. ಮ್ಯಾನ್‌ಹಟನ್ನಿನಲ್ಲಿ ಇವೆರಡೂ ಒಂದೇ ಕಾಲದಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ ಇದ್ದವು.

ಮೊದಲು ಹವ್ಯಾಸದ ಕಡೆ. 1916ರಲ್ಲಿ ಇಲ್ಲಿ ನೀಡಲ್ ಆಂಡ್ ಬಾಬಿನ್ ಕ್ಲಬ್ ಹುಟ್ಟಿತು. ಹೆಸರೇ ಹೇಳುವಂತೆ ಸೂಜಿಯ ಲೇಸ್, ಬಾಬಿನ್ ಲೇಸ್ ಎರಡನ್ನೂ ಇಷ್ಟಪಡುವವರ ಸಂಘ. ಹಳೆಯ ಲೇಸ್ ಕೂಡಿಡುವ ಶ್ರೀಮಂತ ಮಹಿಳೆಯರು, ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವವರು, ಸ್ವತಃ ಹೆಣೆಯಬಲ್ಲವರು ಅದರಲ್ಲಿ ಸೇರಿದ್ದರು. ಉಪನ್ಯಾಸ, ಪ್ರದರ್ಶನ ನಡೆಸುತ್ತಿದ್ದರು, ಬುಲೆಟಿನ್ ಎಂಬ ಪತ್ರಿಕೆ ಹೊರಡಿಸುತ್ತಿದ್ದರು. ಆಗ ಯುರೋಪಿನಲ್ಲಿ ಮೊದಲ ಮಹಾಯುದ್ಧ. ಲೇಸ್‌ಗೆ ಹೆಸರಾದ ಬೆಲ್ಜಿಯಂ ಜರ್ಮನ್ ಸೈನ್ಯದ ವಶದಲ್ಲಿತ್ತು. ಅಲ್ಲಿನ ಹೆಂಗಸರು ಉಪವಾಸ ಬೀಳದಿರಲೆಂದು ಪರಿಹಾರ ಸಮಿತಿಯವರು ನೂಲನ್ನು ಒಳಗೆ ಕಳಿಸಿ, ಹೆಣೆದ ಲೇಸ್ ಹೊರತಂದು ಮಾರುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಈ ಕಲೆಯೇ ಮುಗಿದುಹೋದೀತು ಎಂಬ ಹೆದರಿಕೆ ಲೇಸ್ ಬಲ್ಲವರಲ್ಲೆಲ್ಲ ಇದ್ದಿರಬೇಕು.

ಕ್ಲಬ್ಬಿನ ಸ್ಥಾಪಕಿ ಗರ್ಟ್ರೂಡ್ ವೈಟಿಂಗ್ ನನಗೆ ತುಂಬ ಹಿಡಿಸಿದರು. ಬಾಬಿನ್ ಲೇಸ್‌ನ 145 ಬಗೆಯ ಹೆಣಿಗೆಗಳನ್ನು ಅವರು ತಾವೇ ಹೆಣೆದು ಒಂದು ಮಾದರಿ ಮಾಡಿದರು. ಅದು ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. 1920ರಲ್ಲಿ ಹೆಣೆಯುವವರಿಗೂ ಸಂಗ್ರಹಿಸುವವರಿಗೂ ಕೈಪಿಡಿಯಾಗಿ ಒಂದು ಪುಸ್ತಕ ತಂದರು. ಅದರಲ್ಲಿ ಲೇಸ್‌ನ ಶಬ್ದಗಳನ್ನು ಐದು ಭಾಷೆಗಳಲ್ಲಿ ಪಟ್ಟಿ ಮಾಡಿದ್ದಾರೆ. ಒಂದೇ ಗಂಟಿಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರಿದ್ದರೆ ಜನ ಹೇಗೆ ಮಾತಾಡಿಕೊಳ್ಳಬೇಕು? ಆ ಕಷ್ಟ ಅವರಿಗೆ ಗೊತ್ತಿತ್ತು. ಇದೇ ಕ್ಲಬ್ಬಿಗಾಗಿ ಮೆಟ್ರೋಪಾಲಿಟನ್ ಮ್ಯೂಸಿಯಂನ ಫ್ರಾನ್ಸಿಸ್ ಮಾರಿಸ್ ಮತ್ತು ಲೇಸ್ ತಜ್ಞೆ ಮೇರಿಯನ್ ಹೇಗ್ ಅಮೆರಿಕದವರು ಕೂಡಿಟ್ಟ ಹಳೆಯ ಲೇಸ್‌ಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಯಾವ ತುಂಡು ಯಾವ ಮನೆಯ ಯಾವ ಮೇಡಂ ಸಂಗ್ರಹದ್ದು ಎಂದು ಅದು ಹೇಳುತ್ತದೆ. ಹೆಣೆದದ್ದು ಯಾರು ಎಂದು ಹೇಳಲು ಅವರ ಬಳಿ ದಾಖಲೆ ಎಲ್ಲಿಂದ ಬರಬೇಕು?

ಎರಡೂ ಕಡೆ ಕಾಲಿಟ್ಟವರು ಇರಲಿಲ್ಲವೆಂದಲ್ಲ. ಇಂಗ್ಲೆಂಡಿನಿಂದ ಬಂದ ಮೇರಿಯನ್ ಪೋವಿಸ್ ತಾವೇ ಹೆಣೆಯುತ್ತಿದ್ದರು, ಮ್ಯಾನ್‌ಹಟನ್ನಿನಲ್ಲಿ ಸ್ವಂತ ಲೇಸ್ ಅಂಗಡಿಯನ್ನೂ ತೆರೆದರು. ಗ್ರೀನಿಚ್ ವಿಲೇಜಿನ ಮ್ಯಾಕ್‌ಡೂಗಲ್ ಬೀದಿಯಲ್ಲಿದ್ದ ರಿಚ್‌ಮಂಡ್ ಹಿಲ್ ಹೌಸ್ ಎಂಬ ವಲಸಿಗರ ಸೇವಾಮನೆಯಲ್ಲಿ 1905ರಲ್ಲಿ ಫ್ಲಾರೆನ್ಸ್ ಕೋಲ್ಗೇಟ್ ಮತ್ತು ಇಟಲಿಯ ಕರೋಲಿನಾ ಅಮಾರಿ ಸೇರಿ ಒಂದು ಲೇಸ್ ಶಾಲೆ ಶುರುಮಾಡಿದರು. ಸ್ಕುವೋಲಾ ದಿಂದುಸ್ಟ್ರಿಯೆ ಇಟಾಲಿಯಾನೆ ಎಂದು ಅದರ ಹೆಸರು. ಊರಿನಲ್ಲಿ ಕಲಿತ ಕೈಕೆಲಸ ಬಿಟ್ಟು ಕಾರ್ಖಾನೆ ಸೇರುತ್ತಿದ್ದ ಇಟಾಲಿಯನ್ ಹುಡುಗಿಯರು ಇಲ್ಲಿ ಕುಳಿತು ತಮ್ಮ ದೇಶದ ಹಳೆಯ ನಕ್ಷೆಗಳನ್ನೇ ಹೆಣೆದು ಸಂಪಾದಿಸಲಿ ಎಂಬುದು ಉದ್ದೇಶ. 1927ರವರೆಗೆ ಅದು ನಡೆಯಿತು.

ಆದರೆ ಶಾಲೆಗೂ ಕ್ಲಬ್ಬಿಗೂ ಸೇರದೆ ಅಡುಗೆಮನೆಯಲ್ಲೇ ಹೆಣೆಯುತ್ತಿದ್ದವರು? ಅವರನ್ನು ಹುಡುಕುತ್ತಿದ್ದಾಗ ನನಗೆ ಒಂದು ಛಾಯಾಚಿತ್ರ ಸಿಕ್ಕಿತು. ಈ ಪ್ರಬಂಧ ಬರೆಯಲು ನಿಜವಾದ ಕಾರಣ ಅದೇ.

ತೆಗೆದವರು ಲೂಯಿಸ್ ಹೈನ್. 1908ರಿಂದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ದೇಶ ಸುತ್ತಿ, ಗಿರಣಿಯಲ್ಲಿ, ಗಣಿಯಲ್ಲಿ, ಬಾಡಿಗೆ ಮನೆಗಳಲ್ಲಿ ದುಡಿಯುವ ಮಕ್ಕಳ ಚಿತ್ರ ತೆಗೆದವರು. ಈ ಚಿತ್ರ 1911ರ ಡಿಸೆಂಬರಿನದು. ಸ್ಥಳ ಮ್ಯಾನ್‌ಹಟನ್ನಿನ ಪೂರ್ವ 111ನೇ ಬೀದಿ, ಮೂರನೇ ಮಹಡಿ. ಒಬ್ಬ ತಾಯಿ, ಹದಿಮೂರು ವರ್ಷದ ಮಗಳು, ದಿಂಬಿನ ಮೇಲೆ ಲೇಸ್. ನಾನು ಗ್ರಂಥಾಲಯದಲ್ಲಿ ಕುಳಿತು ಹೆಣೆದೆನಲ್ಲ, ಅದೇ ಕೆಲಸ. ಹೈನ್ ಪ್ರತಿ ಚಿತ್ರಕ್ಕೂ ಟಿಪ್ಪಣಿ ಬರೆಯುತ್ತಿದ್ದರು. ಇದರ ಟಿಪ್ಪಣಿಯಲ್ಲಿ ಅಡುಗೆಮನೆ ಕೊಳಕಾಗಿತ್ತು ಎಂದಿದೆ. ತಾಯಿ ನಾಜೂಕಿನ ಲೇಸ್ ಹೆಣೆಯುತ್ತಿದ್ದಳು, ಮಗಳು ತಾನು ಹೆಣೆದದ್ದನ್ನು ನನಗೇ ಮಾರಿದಳು ಎಂದಿದೆ. ಮಗಳ ಹೆಸರಿದೆ. ತಾಯಿಗೆ ಗಂಡನ ಮನೆತನದ ಹೆಸರಿನ ಹಿಂದೆ "ಮಿಸೆಸ್" ಅಷ್ಟೇ. ಮತ್ತು ಇಬ್ಬರೂ ತೀರಾ ಅನಕ್ಷರಸ್ಥರು ಎಂದಿದೆ.

ಹೈನ್ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಮಕ್ಕಳು ಶಾಲೆಯಲ್ಲಿರಬೇಕು, ಅಡುಗೆಮನೆಯಲ್ಲಿ ಕೂಲಿಗೆ ಹೆಣೆಯುತ್ತ ಕೂರಬಾರದು ಎಂದು ಜನರಿಗೆ ತೋರಿಸಲು ಅವರಿಗೆ ಆ ಮಾತು ಬೇಕಿತ್ತು. ಅಂಥವರ ಚಿತ್ರಗಳಿಂದ ಕಾನೂನು ಬದಲಾಗಲು ಸಹಾಯವಾಯಿತು. ನಾನು ಇವತ್ತು ಹದಿನಾರನೇ ವಯಸ್ಸಿಗೆ ಶಾಲೆಯಲ್ಲಿದ್ದೇನೆ, ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಆದರೂ ಆ ಶಬ್ದ ನನ್ನನ್ನು ಬಿಡಲಿಲ್ಲ. ತೂತುಗಳ ನಕ್ಷೆ ನೋಡಿ ಇಷ್ಟೊಂದು ಎಳೆಗಳಲ್ಲಿ ಯಾವುದು ಯಾವುದನ್ನು ಯಾವಾಗ ದಾಟಬೇಕು ಎಂದು ತಿಳಿಯುವುದು ಓದುವುದಲ್ಲದೆ ಮತ್ತೇನು? ಆ ತಾಯಿಯ ಬಾಯಲ್ಲಿ ಪ್ರತಿ ಹೆಣಿಗೆಗೂ ಅವಳ ಊರಿನ ಹೆಸರು ಇದ್ದಿರಲೇಬೇಕು. ಆ ಮನೆಯಿಂದ ಮೆಟ್ರೋಪಾಲಿಟನ್ ಮ್ಯೂಸಿಯಂ ಒಂದೂವರೆ ಮೈಲಿ.

ಇನ್ನೊಂದು ಪ್ರಶ್ನೆಯೂ ಇದೆ. ಅವರಿಗೆ ಓದು ಬರುತ್ತದೆಯೇ ಎಂದು ಯಾರು ಕೇಳಿದರು, ಯಾವ ಭಾಷೆಯಲ್ಲಿ? ಚಿತ್ರ ತೆಗೆಯಲು ಬಂದವರ ಜೊತೆ ವ್ಯಾಪಾರ ಮಾಡುವಷ್ಟು ಮಾತು ಹುಡುಗಿಗೆ ಬರುತ್ತಿತ್ತು. ಹಾಗಾದರೆ ನಡುವೆ ನಿಂತು ತಾಯಿಯ ಉತ್ತರ ಹೇಳಿದವಳು ಅವಳೇ ಇರಬಹುದೇ? ಟಿಪ್ಪಣಿಯಲ್ಲಿ ಅದಿಲ್ಲ. ನನಗೆ ಹಾಗನ್ನಿಸಲು ಕಾರಣ ನನ್ನದೇ.

ನನಗೆ ಹನ್ನೆರಡು ವರ್ಷವಿದ್ದಾಗ ಅಜ್ಜಿಯ ಕಾಗದಪತ್ರದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆವು. ಅಪ್ಪ ಕಾರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು, ಅಷ್ಟರಲ್ಲಿ ನಮ್ಮ ಸರದಿ ಬಂತು. ಕಿಟಕಿಯ ಹಿಂದಿದ್ದವರು ಇಂಗ್ಲಿಷಿನಲ್ಲಿ, ಇವರಿಗೆ ಓದಲು ಬರೆಯಲು ಬರುತ್ತದೆಯೇ ಎಂದು ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು. ನಾನು ಅಜ್ಜಿಯನ್ನು ಕೇಳಲೇ ಇಲ್ಲ. "ನೋ" ಎಂದೆ. ಬೇಗ ಮುಗಿಯಲಿ ಎನ್ನಿಸಿತ್ತು, ಹಿಂದೆ ಸಾಲಿತ್ತು. ಅವರು ಒಂದು ಚೌಕದಲ್ಲಿ ಗುರುತು ಹಾಕಿದರು. ಅಜ್ಜಿ ಏಳನೇ ಇಯತ್ತೆವರೆಗೆ ಓದಿದವರು, ಊರಿನಲ್ಲಿದ್ದಾಗ ದಿನಾ ಬೆಳಿಗ್ಗೆ ಪೇಪರ್ ಓದಿ ಅಜ್ಜನಿಗೆ ಸುದ್ದಿ ಹೇಳುತ್ತಿದ್ದವರು. ಆಗ ನನಗೆ ಕನ್ನಡದಲ್ಲಿ ನನ್ನ ಹೆಸರು ಬಿಟ್ಟರೆ ಹೆಚ್ಚೇನೂ ತಪ್ಪಿಲ್ಲದೆ ಬರೆಯಲು ಬರುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಕನ್ನಡ ಓದಲು ಬಾರದವಳು ನಾನು. ಕಾಗದದ ಮೇಲೆ ಓದು ಬಾರದವರು ಎಂದಾದದ್ದು ಅಜ್ಜಿ.

ಈ ಚಿತ್ರ ನೋಡಿದ ರಾತ್ರಿ ನಾನು ಆ ದಿನದ ವಿಷಯ ಅಜ್ಜಿಗೆ ಹೇಳಿದೆ. ಅವರಿಗೆ ಗೊತ್ತಿತ್ತು. "ನೋ ಅಂದ್ರ ಏನಂತ ನನಗ ತಿಳಿಯಂಗಿಲ್ಲೇನವಾ?" ಎಂದರು. ಆಮೇಲೆ, "ಇರ್ಲಿ ಬಿಡು, ನಿನಗೂ ಗಾಬರಿ ಆಗಿತ್ತು" ಎಂದರು. ನನಗೆ ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ನೋಟ್‌ಬುಕ್ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತೆ. ವೈಟಿಂಗ್ ಅವರ ಐದು ಭಾಷೆಗಳ ಪಟ್ಟಿ ನೆನಪಿತ್ತು. ಅಜ್ಜಿ, ಇದಕ್ಕೇನಂತಾರೆ, ಅದಕ್ಕೇನಂತಾರೆ ಎಂದು ಕೇಳುತ್ತ ಬರೆದೆ. ಕ್ರೋಶಾದಲ್ಲಿ ಮೊದಲು ಹಾಕುವುದು ಸರಪಳಿ. ಸರಪಳಿಯ ಮೇಲೆ ನಿಲ್ಲಿಸುವುದು ಕಂಬ. ನಡುವೆ ಬಿಡುವ ತೂತಿಗೆ ಅಜ್ಜಿ ಖಿಡಕಿ ಎನ್ನುತ್ತಾರೆ. ಅದು ಧಾರವಾಡದ ಮಾತು, ಬೆಂಗಳೂರಿನ ನಮ್ಮಮ್ಮನಿಗೆ ಅದು ಕಿಟಕಿ. ಕಂಬ, ಖಿಡಕಿ ಎಂದರೆ ಲೇಸ್ ಎನ್ನುವುದೇ ಒಂದು ಮನೆ ಕಟ್ಟುವ ಕೆಲಸದ ಹಾಗಿದೆ.

ಕ್ರೋಶಾ ಮುಗಿದ ಮೇಲೆ ಕಸೂತಿಗೆ ಬಂದೆವು. ಕಸೂತಿ ಲೇಸ್ ಅಲ್ಲ. ಲೇಸ್‌ನಲ್ಲಿ ಬಟ್ಟೆಯೇ ಇರುವುದಿಲ್ಲ, ಕಸೂತಿ ಬಟ್ಟೆಯ ಮೇಲೆ ಎಳೆ ಎಣಿಸಿ ಹಾಕುವ ಹೊಲಿಗೆ. ಧಾರವಾಡದ ಕಡೆಯ ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲಿ ನಾಲ್ಕು ಹೊಲಿಗೆ: ಗಂಟಿ, ಮುರಗಿ, ನೇಯ್ಗಿ, ಮೆಂತಿ. ಗಂಟಿ ಎಂಬುದು ಗಂಟು ಶಬ್ದದಿಂದ ಬಂದದ್ದು, ಆದರೆ ಕಸೂತಿಯಲ್ಲಿ ಗಂಟು ಹಾಕುವಂತೆಯೇ ಇಲ್ಲ. ಗಂಟಿ ಹೊಲಿಗೆಯ ಬಟ್ಟೆ ತಿರುವಿದರೆ ಹಿಂದೆಯೂ ಮುಂದಿನ ಹಾಗೆಯೇ ಕಾಣಬೇಕು. ಏಕೆ ಹೀಗೆ ಹೆಸರಿಟ್ಟರು ಎಂದು ಕೇಳಿದ್ದಕ್ಕೆ ಅಜ್ಜಿ, "ಅದನ್ನ ನಿಮ್ಮ ಟೀಚರ್‌ಗೆ ಕೇಳು" ಎಂದರು. ಟೀಚರ್, ಇದು ನಿಮಗೆ.

ಪಟ್ಟಿಯಲ್ಲಿ ಮೂವತ್ತೊಂದು ಶಬ್ದಗಳಾದವು. ಕೆಲವು ಹೆಣಿಗೆಗಳಿಗೆ ಅಜ್ಜಿ ಪುಸ್ತಕದ ಹೆಸರಲ್ಲ, ಕಲಿಸಿದವರ ಹೆಸರು ಹೇಳಿದರು. ಒಂದು ಅಂಚು ಓಣಿಯ ಕೊನೆಯ ಮನೆಯ ಕಾಕು ಕಲಿಸಿದ್ದಂತೆ, ಇನ್ನೊಂದು ರೈಲಿನಲ್ಲಿ ಎದುರು ಕುಳಿತಿದ್ದ ಯಾರದೋ ಚೀಲ ನೋಡಿ ಮನೆಗೆ ಬಂದು ಹಾಕಿದ್ದಂತೆ. ಧಾರವಾಡದ ಆ ಓಣಿಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಆರೇಳು ಮಂದಿ ಒಂದೇ ಕಟ್ಟೆಯ ಮೇಲೆ ಕುಳಿತು ಹೆಣೆಯುತ್ತಿದ್ದರು. ಅದಕ್ಕೆ ಹೆಸರೂ ಇರಲಿಲ್ಲ, ಅಧ್ಯಕ್ಷರೂ ಇರಲಿಲ್ಲ, ಬುಲೆಟಿನ್ನೂ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಕನ್ನಡ ಶಾಲೆ ಮುಗಿದ ಮೇಲೆ ಅಪ್ಪನ ಜೊತೆ ಪೂರ್ವ 111ನೇ ಬೀದಿಗೆ ಹೋಗಿದ್ದೆ. ಒಳಗೆ ಹೋಗಿ ನೋಡುವಂಥದ್ದು ಏನೂ ಇರಲಿಲ್ಲ. ಬೀದಿಯಲ್ಲಿ ಸ್ಪ್ಯಾನಿಷ್ ಮಾತು ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತು ಮೂರನೇ ಮಹಡಿಯ ಎತ್ತರ ಎಷ್ಟಿರುತ್ತದೆ ಎಂದು ನೋಡಿ ಬಂದೆ. ಅಪ್ಪ ಚಳಿ ಎಂದು ಗೊಣಗಿದರು.

ಈ ಪ್ರಬಂಧವನ್ನು ಟೀಚರ್‌ಗೆ ಕೊಡುವ ಮುಂಚೆ ಅಜ್ಜಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಕ್ರೋಶಾ ಕಡ್ಡಿಯನ್ನೇ ಸಾಲಿನ ಕೆಳಗೆ ಇಟ್ಟುಕೊಂಡು ಪೂರ್ತಿ ಓದಿದರು. ಪೆನ್ಸಿಲ್ ಕೇಳಿ ಎರಡು ಒತ್ತಕ್ಷರ ತಿದ್ದಿದರು. ಕೊನೆಗೆ, ಎಲ್ಲ ಬರೆದು ಮೈಕ್ರೋವೇವ್ ಮೇಲಿನದನ್ನು ಯಾವ ನಮೂನೆಯಲ್ಲಿ ಹಾಕಿದ್ದು ಎಂದು ಬರೆದೇ ಇಲ್ಲವಲ್ಲ ಎಂದರು. ಅದು ಅನಾನಸಿನ ನಮೂನೆ. ನಡುವಿನಿಂದ ಶುರುಮಾಡಬೇಕು, ಎಂಟು ಸರಪಳಿ ಹಾಕಿ ಸುತ್ತು ಮುಚ್ಚಬೇಕು.